ಒಂದೇ ಕಡೆಯ ನವೆ

ಶಾಲೆಯ ಹಳೆಯ ಗಂಟೆ, ಪ್ರಯೋಗಾಲಯದ ಕಪ್ಪೆ, ಮಳೆಗಾಲದ ಅನಿರೀಕ್ಷಿತ ರಜೆ ಇಂಥವುಗಳನ್ನು ಓದಲೆಂದು ಬಂದವರಿಗೆ ಇಂದಿನ ವಿಷಯ ಕೊಂಚ ಇರಿಸುಮುರಿಸೆನಿಸಬಹುದು. ಮೊಲೆತೊಟ್ಟಿನ ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಅಪರೂಪದ ಕ್ಯಾನ್ಸರಿನ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಹತ್ತನೆಯ ತರಗತಿಯ ವಿಜ್ಞಾನದಲ್ಲಿ "ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ" ಎಂದು ಅನೇಕ ಶಾಲೆಗಳಲ್ಲಿ ಹಾರಿಸಿಬಿಡುವ ಒಂದು ಪಾಠವಿದೆ. ಅದನ್ನು ನಾನು ಎಂದೂ ಬಿಟ್ಟವಳಲ್ಲ. ಹಿಂದಿನ ಬೆಂಚಿನ ಕಿಸಿಕಿಸಿ ನಗುವೂ ನನಗೆ ಮರೆತಿಲ್ಲ. ಅಂದು ನಕ್ಕವರಲ್ಲಿ ಹಲವರು ಈಗ ಹೆಣ್ಣುಮಕ್ಕಳ ತಂದೆಯರಾಗಿದ್ದೀರಿ. ಆದ್ದರಿಂದ ಗಂಡಸರೂ ಇದನ್ನು ಪೂರ್ತಿ ಓದಬೇಕೆಂದು ನನ್ನ ಕೋರಿಕೆ.

ಇದು ನನ್ನ ಅಕ್ಕನಿಗೆ ಬಂದ ಕಾಯಿಲೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರೊಂದು ಬೇಡ, ಮಿಕ್ಕಿದ್ದೆಲ್ಲ ಬರಿ" ಎಂದಿದ್ದಾಳೆ. ನೆಂಟರಿಗೆ ಹೆಸರು ಬೇಕಿಲ್ಲ, ಉಳಿದವರಿಗೆ ಅದರಿಂದ ಪ್ರಯೋಜನವಿಲ್ಲ.

ಅಕ್ಕ ಸಾಗರದ ಸಮೀಪದ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಅಡಿಕೆ ತೋಟ, ಕೊಟ್ಟಿಗೆ, ಬಂದುಹೋಗುವವರ ಊಟ ಎಂದು ದಿನದ ಹದಿನಾರು ಗಂಟೆ ನಿಂತೇ ಕಳೆದ ಜೀವ. 2016ರ ಶ್ರಾವಣದಲ್ಲಿ, ಆಗ ಅವಳಿಗೆ ಅರುವತ್ತೊಂದು ವರ್ಷ, ಎಡಗಡೆಯ ಮೊಲೆತೊಟ್ಟಿನಲ್ಲಿ ನವೆ ಶುರುವಾಯಿತು. ನೋವಿಲ್ಲ, ಗಂಟಿಲ್ಲ. ಮಳೆಗಾಲದಲ್ಲಿ ಒಣಗದ ರವಿಕೆ ತೊಟ್ಟದ್ದರಿಂದ ಬಂದ ನವೆಯೆಂದು ಭಾವಿಸಿ ಕೊಬ್ಬರಿಎಣ್ಣೆ ಹಚ್ಚಿದಳು. ಹದಿನೈದು ದಿನ ಕಳೆದರೂ ಹೋಗದಿದ್ದಾಗ ಪೇಟೆಗೆ ಹೋದ ಭಾವನ ಹತ್ತಿರ ಹೇಳಿ ಔಷಧದ ಅಂಗಡಿಯಿಂದ ಒಂದು ಮುಲಾಮು ತರಿಸಿದಳು.

ಹೇಳಿದ್ದು ಏನೆಂದು? "ಎದೆಯ ಹತ್ತಿರ ನವೆ" ಎಂದು.

ಈ ಎದೆ ಎಂಬ ಪದದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಭಾಷೆಯಲ್ಲಿ ಎದೆ ಎಂದರೆ ವಕ್ಷಸ್ಥಲವೂ ಹೌದು, ಹೃದಯವೂ ಹೌದು, ಧೈರ್ಯವೂ ಹೌದು. ಎದೆ ಒಡೆಯುತ್ತದೆ, ಎದೆ ಝಲ್ಲೆನ್ನುತ್ತದೆ, ಎದೆಗಾರಿಕೆ ಬರುತ್ತದೆ. ಕಾವ್ಯಕ್ಕೆ ಇದಕ್ಕಿಂತ ಉಪಕಾರಿಯಾದ ಪದ ಇನ್ನೊಂದಿಲ್ಲ. ವೈದ್ಯರ ಮುಂದೆ ಇದಕ್ಕಿಂತ ನಿರುಪಯೋಗಿಯಾದದ್ದೂ ಇಲ್ಲ. ತೊಟ್ಟು ಎಂಬ ಪದವಾದರೋ ಎಷ್ಟು ನಿರ್ದಿಷ್ಟವಾದದ್ದು! ಬದನೆಕಾಯಿಗೆ ತೊಟ್ಟು, ಮಾವಿನಹಣ್ಣಿಗೆ ತೊಟ್ಟು, ಎಲೆಗೆ ತೊಟ್ಟು. ಸಸ್ಯಶಾಸ್ತ್ರದ ಪಾಠದಲ್ಲಿ ಮಕ್ಕಳು ಕೂಗಿ ಹೇಳುತ್ತಿದ್ದ ಪದವದು. ಅದೇ ಪದವನ್ನು ಒಬ್ಬ ಗೃಹಿಣಿ ತನ್ನ ಗಂಡನ ಬಳಿ, ಗಂಡ ಅಂಗಡಿಯವನ ಬಳಿ ಆಡಲಾರದೆ ಹೋದರು. ಅಂಗಡಿಯವನು ಹೆಂಗಸರಿಗೆ ಬೆವರಿನಿಂದ ಆಗುವ ಹುಳುಕಡ್ಡಿ ಇರಬೇಕೆಂದು ಊಹಿಸಿ, ಸ್ಟೀರಾಯ್ಡ್ ಬೆರೆತ ಒಂದು ಮುಲಾಮು ಕೊಟ್ಟು ಕಳುಹಿಸಿದನು. (ಆ ಕಾಲಕ್ಕೆ ಇಂಥ ಮುಲಾಮುಗಳು ಚೀಟಿಯಿಲ್ಲದೆ ಧಾರಾಳವಾಗಿ ದೊರೆಯುತ್ತಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು.)

ಮುಲಾಮು ಹಚ್ಚಿದ ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು, ನವೆ ನಿಂತಿತು. ಈ ರೋಗದ ಮೋಸವಿರುವುದು ಇಲ್ಲಿಯೇ. ಸ್ಟೀರಾಯ್ಡು ಚರ್ಮದ ಉರಿಯೂತವನ್ನು ತಗ್ಗಿಸುತ್ತದೆ. ಕೆಳಗಿರುವ ಕಾರಣವನ್ನು ಮುಟ್ಟುವುದಿಲ್ಲ. ಮುಲಾಮು ಮುಗಿದ ಹತ್ತು ದಿನಕ್ಕೆ ನವೆ ಮರಳಿ ಬಂತು, ಜೊತೆಗೆ ಹೊಟ್ಟಿನಂಥ ಸಿಪ್ಪೆ ಏಳತೊಡಗಿತು. ದೀಪಾವಳಿ ಕಳೆದ ಮೇಲೆ ಒಬ್ಬ ವೈದ್ಯರ ಬಳಿಗೆ ಹೋದಳು. ಅಲ್ಲಿಯೂ ಅದೇ "ಎದೆಯ ಹತ್ತಿರ". ವೈದ್ಯರು ತೋರಿಸಿ ಎನ್ನಲಿಲ್ಲ, ಇವಳು ತೋರಿಸುತ್ತೇನೆ ಎನ್ನಲಿಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರಂತೆ. ಎರಡನೆಯ ಮುಲಾಮು ಬಂತು, ಮತ್ತೆ ತಾತ್ಕಾಲಿಕ ಉಪಶಮನ. ಹೀಗೆ ಆರು ತಿಂಗಳು.

ರೋಗವನ್ನು ಮೊದಲು ಕಂಡುಹಿಡಿದದ್ದು ವೈದ್ಯರಲ್ಲ, ಅಕ್ಕನ ಸೊಸೆ. ಅತ್ತೆ ತನ್ನ ರವಿಕೆಗಳನ್ನು ಮಾತ್ರ ಬೇರೆಯಾಗಿ ಒಗೆದು, ತೋಟದ ಬದಿಯ ತಂತಿಯ ಮೇಲೆ ಒಣಹಾಕುತ್ತಿದ್ದುದನ್ನು ಆ ಹುಡುಗಿ ಗಮನಿಸಿದ್ದಳು. ಒಂದು ದಿನ ಮಡಚಲು ಹೋದಾಗ, ಬಿಳಿ ಹತ್ತಿಯ ರವಿಕೆಯ ಎಡಭಾಗದಲ್ಲಿ ಒಣಹುಲ್ಲಿನ ಬಣ್ಣದ ರೂಪಾಯಿಯಗಲದ ಕಲೆ. ಮತ್ತೊಂದರಲ್ಲಿಯೂ ಅದೇ ಜಾಗದಲ್ಲಿ ಕಲೆ, ಅದರ ನಡುವೆ ಸಾಸಿವೆಯಷ್ಟು ರಕ್ತ. ಅವಳು ಅತ್ತೆಯನ್ನು ಏನೂ ಕೇಳದೆ ನೇರವಾಗಿ ನನಗೆ ಫೋನು ಮಾಡಿದಳು. 2017ರ ಫೆಬ್ರವರಿ, ನಾನಿನ್ನೂ ನಿವೃತ್ತಳಾಗಿರಲಿಲ್ಲ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಅದನ್ನು ಹಾಗೆಯೇ ಬಿಟ್ಟು ಶಿವಮೊಗ್ಗದಿಂದ ಸಾಗರದ ಬಸ್ಸು ಹತ್ತಿದೆ.

ತೋರಿಸೆಂದರೆ ಅಕ್ಕ ಒಪ್ಪಲಿಲ್ಲ. "ಅದೇನು ತೋರಿಸೋ ಜಾಗವಾ?" ಎಂದಳು. ಚಿಕ್ಕವರಿದ್ದಾಗ ಒಂದೇ ಹಂಡೆಯ ನೀರಿನಲ್ಲಿ ಒಟ್ಟಿಗೆ ಮಿಂದವರು ನಾವು. ಆ ಮಾತನ್ನು ನೆನಪಿಸಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಬಲಗಡೆ ಏನೂ ಇರಲಿಲ್ಲ. ಎಡಗಡೆ ತೊಟ್ಟು ತನ್ನ ಆಕಾರ ಕಳೆದುಕೊಂಡು ಚಪ್ಪಟೆಯಾಗಿತ್ತು; ಅದರ ಮೇಲೂ, ಸುತ್ತಲಿನ ಕಪ್ಪು ವರ್ತುಲದ ಅರ್ಧಭಾಗದ ಮೇಲೂ ಸಿಪ್ಪೆ ಸುಲಿದಂಥ ಕೆಂಪು, ಒದ್ದೆ, ಅಂಚಿನಲ್ಲಿ ತೆಳುವಾದ ಹಕ್ಕಳೆ. ಕೆಂಪಿಗೂ ಒಳ್ಳೆಯ ಚರ್ಮಕ್ಕೂ ನಡುವಿನ ಗಡಿ ಭೂಪಟದಲ್ಲಿ ಎಳೆದ ಗೆರೆಯಷ್ಟು ಸ್ಪಷ್ಟ. ನಾನು ವೈದ್ಯಳಲ್ಲ, ಅದೇನೆಂದು ನನಗೆ ಗೊತ್ತಾಗಲಿಲ್ಲ. ಒಂದು ಕಡೆ ಮಾತ್ರ ಏಕೆ ಎಂಬ ಪ್ರಶ್ನೆಯೊಂದೇ ಹುಟ್ಟಿತು. ಒದ್ದೆ ಬಟ್ಟೆಯಾಗಲಿ ಸಾಬೂನಾಗಲಿ ಎಡಬಲ ನೋಡಿ ತೊಂದರೆ ಕೊಡುವುದಿಲ್ಲವಲ್ಲ.

ಮರುದಿನ ಶಿವಮೊಗ್ಗದ ಒಬ್ಬ ಶಸ್ತ್ರವೈದ್ಯರಲ್ಲಿಗೆ ಕರೆದೊಯ್ದೆ. ಐವತ್ತರ ಆಸುಪಾಸಿನ, ಮಿತಭಾಷಿ. ದಾದಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡು, ಅಕ್ಕನ ಮುಖ ನೋಡದೆ, ಮೃದುವಾಗಿ ಪ್ರಶ್ನಿಸಿದರು. ಎರಡೂ ಕಡೆ ಇದೆಯೋ, ಒಂದೇ ಕಡೆಯೋ? ಮೊದಲು ಶುರುವಾದದ್ದು ತೊಟ್ಟಿನ ಮೇಲೋ, ಸುತ್ತಲಿನ ವರ್ತುಲದ ಮೇಲೋ? ಮುಲಾಮು ನಿಲ್ಲಿಸಿದಾಗ ಏನಾಯಿತು?

ಈ ಪ್ರಶ್ನೆಗಳ ಹಿಂದಿನ ತರ್ಕ ನನಗೆ ಆಮೇಲೆ ತಿಳಿಯಿತು. ತೊಟ್ಟಿನ ಸುತ್ತ ಬರುವ ಸಾಮಾನ್ಯ ಇಸಬು ಬಹುಮಟ್ಟಿಗೆ ಎರಡೂ ಕಡೆ ಬರುತ್ತದೆ, ವರ್ತುಲದಲ್ಲಿ ಆರಂಭವಾಗುತ್ತದೆ, ಎಷ್ಟೋ ಸಲ ತೊಟ್ಟನ್ನು ಬಿಟ್ಟೇಬಿಡುತ್ತದೆ, ಸರಿಯಾದ ಔಷಧಿಗೆ ಒಂದೆರಡು ವಾರದಲ್ಲಿ ಮಣಿಯುತ್ತದೆ. ಅಕ್ಕನಿಗೆ ಬಂದದ್ದು ಇದರ ತದ್ವಿರುದ್ಧ: ಒಂದೇ ಕಡೆ, ತೊಟ್ಟಿನಲ್ಲಿ ಹುಟ್ಟಿ ಹೊರಗೆ ಹರಡುವಂಥದ್ದು, ಮುಲಾಮಿಗೆ ಅಡಗಿ ಮತ್ತೆ ಏಳುವಂಥದ್ದು. ವೈದ್ಯರು ಕ್ಯಾನ್ಸರ್ ಎಂಬ ಮಾತನ್ನೇ ಎತ್ತಲಿಲ್ಲ. ಮ್ಯಾಮೊಗ್ರಾಂ ಮಾಡಿಸಿ, ಆಮೇಲೆ ಅಲ್ಲಿಂದ ಸ್ವಲ್ಪ ಚರ್ಮ ತೆಗೆದು ಪರೀಕ್ಷೆಗೆ ಕಳುಹಿಸಬೇಕು ಎಂದರು.

ಮ್ಯಾಮೊಗ್ರಾಂನಲ್ಲಿ ಏನೂ ಕಾಣಲಿಲ್ಲ.

ನಮ್ಮ ಮನೆಯಲ್ಲಿ ಅಂದು ಸಂಜೆ ಹಬ್ಬದ ವಾತಾವರಣ. ಭಾವ ಆಗಲೇ ಊರಿಗೆ ಹೊರಡಲು ಸಿದ್ಧರಾಗಿ, "ಗಂಟೇ ಇಲ್ಲ, ಫೋಟೋದಲ್ಲೂ ಏನೂ ಇಲ್ಲ, ಇನ್ನು ಕತ್ತರಿಸುವುದೇಕೆ?" ಎಂದರು. ತೋಟದಲ್ಲಿ ಕೆಲಸದವರು ಕಾಯುತ್ತಿದ್ದರು. ಅಕ್ಕನೂ ಸೀರೆ ಮಡಚಿ ಚೀಲಕ್ಕೆ ಹಾಕಿದ್ದಳು. ಭಾವನ ತರ್ಕದಲ್ಲಿ ತಪ್ಪೇನಿರಲಿಲ್ಲ, ಸ್ತನದ ಕ್ಯಾನ್ಸರೆಂದರೆ ಗಂಟು ಎಂದೇ ನಾವೆಲ್ಲ ಕೇಳಿದ್ದೆವು. ಆದರೆ ಈ ರೋಗದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೈಗೆ ಸಿಗುವ ಗಂಟೇ ಇರುವುದಿಲ್ಲ, ಮ್ಯಾಮೊಗ್ರಾಂ ನಿರ್ಮಲವಾಗಿದ್ದಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗುವುದಿಲ್ಲ. ಶಸ್ತ್ರವೈದ್ಯರಿಗೆ ಫೋನು ಮಾಡಿ ಕೇಳಿದಾಗ ಅವರು ಹೇಳಿದ್ದು ಒಂದೇ ವಾಕ್ಯ: "ಚಿತ್ರದಲ್ಲಿ ಕಾಣದಿದ್ದರೂ ಚರ್ಮದ ಮೇಲೆ ಕಾಣ್ತಾ ಇದೆಯಲ್ಲ, ಅದಕ್ಕೆ ಉತ್ತರ ಬೇಕು." ಆ ವಾಕ್ಯವನ್ನು ನಾನು ಭಾವನಿಗೆ ಹಾಗೆಯೇ ಒಪ್ಪಿಸಿದೆ. ಅವರು ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತಿದ್ದು, ಚಪ್ಪಲಿ ಬಿಚ್ಚಿ ಒಳಗೆ ಬಂದರು.

ಚರ್ಮ ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆಯೇನಲ್ಲ. ಆ ಜಾಗಕ್ಕೆ ಮಾತ್ರ ಮರವಿನ ಚುಚ್ಚುಮದ್ದು ಕೊಟ್ಟು, ಕಾಗದಕ್ಕೆ ತೂತು ಹೊಡೆಯುವ ಸಾಧನದಂಥ ಪುಟ್ಟ ಕೊಳವೆಯಿಂದ ಮೂರು ನಾಲ್ಕು ಮಿಲಿಮೀಟರಿನಷ್ಟು ತುಂಡನ್ನು ಪೂರ್ತಿ ದಪ್ಪಕ್ಕೆ ತೆಗೆಯುತ್ತಾರೆ. ಒಂದೋ ಎರಡೋ ಹೊಲಿಗೆ. ಅಕ್ಕ ಹೊರಗೆ ಬಂದು "ಇಷ್ಟೇನಾ?" ಎಂದಳು. ವಾರದ ಮೇಲೆ ವರದಿ ಬಂತು. ಅದರಲ್ಲಿದ್ದ ಹೆಸರು: ಪ್ಯಾಜೆಟನ ಕಾಯಿಲೆ.

ಹೆಸರು ಕೇಳಿದ್ದೇ ತಡ, ನಮ್ಮ ಕುಟುಂಬದ ಒಬ್ಬ ಉತ್ಸಾಹಿ ಯುವಕ ಅಂತರಜಾಲದಲ್ಲಿ ಹುಡುಕಿ, ಇದು ಮೂಳೆ ಬಾಗುವ ರೋಗ, ಕ್ಯಾನ್ಸರಲ್ಲ, ಹೆದರಬೇಡಿ ಎಂದು ಎಲ್ಲರಿಗೂ ಸಂದೇಶ ಕಳುಹಿಸಿಬಿಟ್ಟನು! ಅವನದೂ ಪೂರ್ತಿ ಸುಳ್ಳಲ್ಲ. ಒಬ್ಬನೇ ವೈದ್ಯನ ಹೆಸರನ್ನು ಹೊತ್ತ ಬೇರೆ ಬೇರೆ ರೋಗಗಳಿವೆ. ಮೂಳೆಯದನ್ನು ಆತ ವಿವರಿಸಿದ್ದು 1877ರಲ್ಲಿ, ಮೊಲೆತೊಟ್ಟಿನದನ್ನು 1874ರಲ್ಲಿ. ಒಂದಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ.

ಸರ್ ಜೇಮ್ಸ್ ಪ್ಯಾಜೆಟ್ ಇಂಗ್ಲೆಂಡಿನ ಕಡಲತೀರದ ಗ್ರೇಟ್ ಯಾರ್ಮತ್ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದವರು, ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಕಲಿತು ಅಲ್ಲಿಯೇ ಶಸ್ತ್ರವೈದ್ಯರಾದವರು. ವಿದ್ಯಾರ್ಥಿಯಾಗಿದ್ದಾಗಿನ ಅವರ ಒಂದು ಪ್ರಸಂಗ ಮಾಸ್ತರಿಕೆ ಮಾಡಿದವರಿಗೆ ಬಹಳ ಪ್ರಿಯವಾಗುವಂಥದ್ದು. 1835ರಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿ ಶವವನ್ನು ಕೊಯ್ದು ಕಲಿಯುವಾಗ ಮಾಂಸಖಂಡದಲ್ಲಿ ಬಿಳಿಯ ಸಣ್ಣ ಚುಕ್ಕೆಗಳು ಕಂಡವು. ಹಿರಿಯರೆಲ್ಲ ಅವನ್ನು ಕತ್ತಿಯ ಬಾಯಿ ಕೆಡಿಸುವ ಮೂಳೆಚೂರುಗಳೆಂದು ಬಿಟ್ಟಿದ್ದರು. ಈ ಹುಡುಗ ಮಸೂರ ಹಿಡಿದು ನೋಡಿದ. ಒಳಗೆ ಸುರುಳಿ ಸುತ್ತಿ ಮಲಗಿದ ಹುಳುಗಳು! ಇನ್ನೂ ಚೆನ್ನಾಗಿ ನೋಡಲು ಅವನಿಗೆ ಸೂಕ್ಷ್ಮದರ್ಶಕ ಒದಗಿಸಿದವರು ರಾಬರ್ಟ್ ಬ್ರೌನ್, ಅಂದರೆ ನಾವು ಎಂಟನೆಯ ತರಗತಿಯಲ್ಲಿ ಜೀವಕೋಶದ ಕೇಂದ್ರಕ್ಕೆ ಹೆಸರಿಟ್ಟವರೆಂದು ಓದುವ ಅದೇ ಬ್ರೌನ್. ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಬರುವ ಹುಳು ಅದೆಂದು ಮುಂದೆ ತಿಳಿಯಿತು.

ಅದೇ ಕಣ್ಣು ನಾಲ್ಕು ದಶಕದ ಬಳಿಕ ಮೊಲೆತೊಟ್ಟಿನ ಒಂದು ಸಾಧಾರಣ ಇಸಬಿನ ಮೇಲೆ ಬಿತ್ತು. ಹದಿನೈದರಷ್ಟು ರೋಗಿಗಳನ್ನು ಅವರು ನೋಡಿದ್ದರು. ಎಲ್ಲರೂ ಹೆಂಗಸರು, ನಲವತ್ತರಿಂದ ಅರುವತ್ತು ಅಥವಾ ಅದಕ್ಕಿಂತ ಮೇಲಿನ ವಯಸ್ಸಿನವರು, ಆ ಒಂದು ಹುಣ್ಣನ್ನು ಬಿಟ್ಟರೆ ಆರೋಗ್ಯವಂತರು. ಉರಿಗೆಂಪಾದ, ಹಸಿಯಾದ, ಹಳದಿ ಬಣ್ಣದ ಅಂಟುದ್ರವ ಒಸರುವ ಚರ್ಮ. ಅವರೆಲ್ಲರಲ್ಲಿಯೂ ಹೆಚ್ಚೆಂದರೆ ಎರಡು ವರ್ಷದೊಳಗೆ, ಸಾಮಾನ್ಯವಾಗಿ ಒಂದೇ ವರ್ಷದೊಳಗೆ, ಸ್ತನದಲ್ಲಿ ಕ್ಯಾನ್ಸರ್ ಕಂಡುಬಂದಿತು. ಕ್ಯಾನ್ಸರು ಹುಣ್ಣಿನಲ್ಲಿಯೇ ಅಲ್ಲ, ಅದರ ಕೆಳಗೆ, ನಡುವೆ ಆರೋಗ್ಯವಾಗಿ ತೋರುವ ಭಾಗವನ್ನು ಬಿಟ್ಟು, ಸ್ತನದೊಳಗೆ ಹುಟ್ಟುತ್ತಿತ್ತೆಂಬುದನ್ನೂ ಅವರು ಬರೆದಿಟ್ಟರು. ಎರಡು ಮೂರು ಪುಟಗಳ ಆ ಲೇಖನ ನೂರೈವತ್ತು ವರ್ಷ ದಾಟಿ ಇಂದಿಗೂ ಬಾಳುತ್ತಿದೆ. ಚರ್ಮದ ದೀರ್ಘಕಾಲದ ಕೆರಳಿಕೆಯೇ ಒಳಗಿನ ಕ್ಯಾನ್ಸರಿಗೆ ಕಾರಣವೆಂದು ಅವರು ತರ್ಕಿಸಿದ್ದರು. ಈಗ ಬಹುಮಂದಿ ತಜ್ಞರು ಇದನ್ನು ತಿರುವಿ ಹಾಕಿದ್ದಾರೆ: ಮೊದಲು ಹಾಲಿನ ನಾಳದೊಳಗೆ ಕ್ಯಾನ್ಸರಿನ ಕೋಶಗಳು ಹುಟ್ಟುತ್ತವೆ, ಅವು ನಾಳದ ಗೋಡೆಯುದ್ದಕ್ಕೆ ತೆವಳಿ, ನಾಳ ತೆರೆದುಕೊಳ್ಳುವ ತೊಟ್ಟಿನ ಚರ್ಮಕ್ಕೆ ಬಂದು ಸೇರುತ್ತವೆ. ಚರ್ಮದಲ್ಲಿ ಕಾಣುವುದು ಒಳಗಿನಿಂದ ಬಂದ ಕಾಗದ. ಹಾಗಾಗಿಯೇ ಈ ರೋಗವಿದ್ದವರಲ್ಲಿ ಬಹುತೇಕ ಎಲ್ಲರಿಗೂ ಸ್ತನದೊಳಗೆ ಇನ್ನೊಂದು ಕ್ಯಾನ್ಸರ್ ಇರುತ್ತದೆ. ಕೆಲವರಲ್ಲಿ ನಾಳದೊಳಗೇ ಉಳಿದದ್ದು, ಕೆಲವರಲ್ಲಿ ನಾಳವನ್ನು ಒಡೆದು ಹೊರಟದ್ದು. ಮುಂದಿನ ಬದುಕು ನಿಂತಿರುವುದು ಅದರ ಮೇಲೆ.

ವರದಿಯನ್ನು ಹಿಡಿದು ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ಈಗ ರೋಗಶಾಸ್ತ್ರಜ್ಞನಾಗಿದ್ದಾನೆ, ಇದನ್ನು ಓದುತ್ತಲೂ ಇರಬಹುದು. ಪ್ಯಾಜೆಟ್ ಕೋಶವೆಂದರೆ ಏನೆಂದು ಫೋನಿನಲ್ಲಿ ಕೇಳಿದೆ. "ಮೇಡಂ, ನೀವು ಈರುಳ್ಳಿ ಪೊರೆ ತೋರಿಸ್ತಿದ್ರಲ್ಲ, ಕೋಶಗಳೆಲ್ಲ ಸಾಲಾಗಿ ಕೂತಿರ್ತಿದ್ವಲ್ಲ, ಚರ್ಮದಲ್ಲೂ ಹಾಗೇ ಒಂದು ಸಾಲಿರುತ್ತೆ. ಅದರ ಮಧ್ಯೆ ಬೇರೆ ತರಗತಿಯ ದೊಡ್ಡ ಹುಡುಗರು ಬಂದು ಕೂತ ಹಾಗೆ ಕಾಣುತ್ತೆ. ಗಾತ್ರದಲ್ಲಿ ದೊಡ್ಡವು, ಬಣ್ಣದಲ್ಲಿ ಪೇಲವ, ಕೇಂದ್ರ ಬೇರೆ ದಪ್ಪ" ಎಂದನು. ಕಪ್ಪು ಮಚ್ಚೆಯ ಕ್ಯಾನ್ಸರಾದ ಮೆಲನೋಮವೂ ಸೂಕ್ಷ್ಮದರ್ಶಕದಲ್ಲಿ ಕೆಲವೊಮ್ಮೆ ಹೀಗೆಯೇ ಕಾಣುವುದರಿಂದ, ವಿಶೇಷ ಬಣ್ಣಗಳನ್ನು ಹಾಕಿ ಕೋಶಗಳು ಯಾವ ಕುಲದವೆಂದು ಖಚಿತಪಡಿಸಿಕೊಳ್ಳುತ್ತಾರಂತೆ. ಫ್ರಾನ್ಸಿನ ಡೇರಿಯೆ ಎಂಬ ಪ್ರಸಿದ್ಧ ಚರ್ಮವೈದ್ಯರು 1889ರಲ್ಲಿ ಇದೇ ಕೋಶಗಳನ್ನು ನೋಡಿ ಪರೋಪಜೀವಿಗಳೆಂದು ತಿಳಿದಿದ್ದರಂತೆ. ಅಷ್ಟು ವಿಜಾತೀಯವಾಗಿ ಕಾಣುತ್ತವೆ ಅವು. ಮಾತು ಮುಗಿಸುವ ಮುನ್ನ ಅವನು ಯಾರ ವರದಿ ಎಂದು ಕೇಳಿದ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಶಬ್ದವಿರಲಿಲ್ಲ. ಅವನು ಶಾಲೆಯಲ್ಲಿದ್ದಾಗ ಅಕ್ಕನ ಮನೆಗೆ ಪ್ರವಾಸ ಬಂದು ಹಲಸಿನ ಹಪ್ಪಳ ತಿಂದವನು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದಾಗ, ಮ್ಯಾಮೊಗ್ರಾಂ ತೋರಿಸದೆ ಬಿಟ್ಟದ್ದು ಸ್ತನದೊಳಗೆ ಕಂಡಿತು. ತೊಟ್ಟನ್ನೂ ವರ್ತುಲವನ್ನೂ ಮಾತ್ರ ತೆಗೆದು, ವಿಕಿರಣ ಕೊಟ್ಟು, ಸ್ತನವನ್ನು ಉಳಿಸುವ ಚಿಕಿತ್ಸೆ ಈಗ ಎಷ್ಟೋ ಮಂದಿಗೆ ಸಾಧ್ಯವಿದೆ. ಅಕ್ಕನಿಗೆ ಬದಲಾವಣೆಗಳು ಅಗಲವಾಗಿ ಹರಡಿದ್ದರಿಂದ ಪೂರ್ತಿ ತೆಗೆಯಬೇಕಾಯಿತು. ಕಂಕುಳಿನ ಮೊದಲ ಗ್ರಂಥಿಗಳನ್ನು ಪರೀಕ್ಷಿಸಿದರು, ಅವು ಶುದ್ಧವಾಗಿದ್ದವು. ಕ್ಯಾನ್ಸರು ನಾಳದ ಗೋಡೆಯನ್ನು ದಾಟಿರಲಿಲ್ಲ. ಕೀಮೋಥೆರಪಿಯ ಅಗತ್ಯವಿಲ್ಲವೆಂದರು. ಆ ದಿನ ಭಾವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನ ಮುಂದೆ ಅತ್ತರು. ನಾನು ನೋಡಿದ್ದು ಅದೊಂದೇ ಸಲ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅಕ್ಕ ನಿದ್ರಿಸಲಿಲ್ಲ. ಮೂರು ಮಕ್ಕಳಿಗೆ ಹಾಲೂಡಿಸಿದ್ದನ್ನು, ಎರಡನೆಯವನು ಕಚ್ಚುತ್ತಿದ್ದುದನ್ನು, ಅತ್ತೆ ಬೈಯುತ್ತಿದ್ದುದನ್ನು ಹೇಳುತ್ತ ಕುಳಿತಳು. ಅದನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಒಂದು ಸಂಗತಿ ಗಮನಕ್ಕೆ ಬಂತು, ಆ ರಾತ್ರಿ ಅವಳು "ಎದೆ" ಎನ್ನಲಿಲ್ಲ. ಮೊಲೆ ಎಂದೇ ಅಂದಳು, ಸಂಕೋಚವಿಲ್ಲದೆ, ಹಳ್ಳಿಯ ಬಾಣಂತಿಯರು ಆಡುವ ಹಾಗೆ. ಆ ಪದ ಅವಳಲ್ಲಿ ಮೊದಲಿನಿಂದಲೂ ಇತ್ತು. ಕೂಸಿನ ವಿಷಯಕ್ಕೆ ಅದನ್ನು ಬಳಸಲು ಅನುಮತಿಯಿತ್ತು, ತನ್ನ ನೋವಿನ ವಿಷಯಕ್ಕೆ ಇರಲಿಲ್ಲ.

ಅಪರೂಪದ ರೋಗಕ್ಕೆ ಇಷ್ಟೆಲ್ಲ ಬರೆಯಬೇಕೆ ಎಂದು ಕೇಳಬಹುದು. ನೂರು ಸ್ತನ ಕ್ಯಾನ್ಸರುಗಳಲ್ಲಿ ಒಂದರಿಂದ ಮೂರು ಮಾತ್ರ ಈ ಬಗೆಯವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರಾದವರು ಸುಮಾರು 1,92,000 ಮಂದಿ. ನೂರಕ್ಕೆ ಒಂದೆಂದೇ ಹಿಡಿದರೂ ಎರಡು ಸಾವಿರದ ಹತ್ತಿರವಾಯಿತು. ನಿಮ್ಮ ಗಣಿತದ ಮೇಷ್ಟ್ರು ಇದ್ದಿದ್ದರೆ ಇದನ್ನು ದಿನಕ್ಕೆ ಐದೆಂದು ಭಾಗಿಸಿ ತೋರಿಸುತ್ತಿದ್ದರು. ಬಹಳ ವಿರಳವಾಗಿ ಗಂಡಸರಿಗೂ ಬರುತ್ತದೆಂಬುದನ್ನು ಹಿಂದಿನ ಬೆಂಚಿನವರು ಗಮನಿಸಬೇಕು.

ತೊಟ್ಟಿನ ಮೇಲೆ ಬಂದ ನವೆಯೆಲ್ಲ ಕ್ಯಾನ್ಸರಲ್ಲ, ಬಹುಪಾಲು ಅಲ್ಲ. ಹಾಲೂಡಿಸುವ ತಾಯಂದಿರ ಬಿರುಕು, ಹೊಸ ಬಟ್ಟೆಯ ಅಥವಾ ಸಾಬೂನಿನ ಅಲರ್ಜಿ, ಶಿಲೀಂಧ್ರ, ಸೋರಿಯಾಸಿಸ್ ಇವೆಲ್ಲವೂ ಅಲ್ಲಿ ಬರುತ್ತವೆ. ಒಂದೇ ಕಡೆ ಇದ್ದು, ಎರಡು ಮೂರು ವಾರಗಳ ಸರಿಯಾದ ಚಿಕಿತ್ಸೆಗೆ ಪೂರ್ತಿ ಗುಣವಾಗದೆ ಇದ್ದರೆ, ಅಥವಾ ಗುಣವಾಗಿ ಮರಳಿ ಬಂದರೆ, ಮೂರನೆಯ ಮುಲಾಮಿಗೆ ಕೈಚಾಚದೆ ಆ ಚರ್ಮದ ತುಂಡನ್ನು ಪರೀಕ್ಷೆಗೆ ಕಳುಹಿಸುವಂತೆ ವೈದ್ಯರನ್ನು ಕೇಳಿ. ಅವರು ನೋಡದೆ ಚೀಟಿ ಬರೆಯಹೊರಟರೆ, ನೋಡಿ ಎಂದು ನೀವೇ ಹೇಳಿ.

ಎಂಟು ವರ್ಷಗಳು ಕಳೆದಿವೆ. ಅಕ್ಕ ವರ್ಷಕ್ಕೊಮ್ಮೆ ಬಲಗಡೆಗೆ ಮ್ಯಾಮೊಗ್ರಾಂ ಮಾಡಿಸಿಕೊಳ್ಳುತ್ತಾಳೆ. ರವಿಕೆಯ ಎಡಭಾಗಕ್ಕೆ ಹಳೆಯ ಹತ್ತಿಬಟ್ಟೆಯನ್ನು ಮಡಚಿ ತಾನೇ ಹೊಲಿದುಕೊಂಡಿದ್ದಾಳೆ. ನಾನು ಬೆಂಗಳೂರಿನಿಂದ ತಂದುಕೊಟ್ಟ ಸಿಲಿಕೋನಿನದು ಸೆಖೆಯಾಗುತ್ತದೆಂದು ಪೆಟ್ಟಿಗೆಯಲ್ಲಿಯೇ ಇದೆ.

ಕಳೆದ ವರ್ಷ ನಮ್ಮ ನೆಂಟರ ಮನೆಯ ಮದುವೆಯಲ್ಲಿ, ಅಡುಗೆಮನೆಯ ಹಿಂಬದಿಯಲ್ಲಿ ಹೆಂಗಸರು ವೀಳ್ಯದೆಲೆ ಒರೆಸುತ್ತ ಕುಳಿತಿದ್ದಾಗ, ದೂರದ ಸಂಬಂಧದ ಒಬ್ಬಳು ಅಕ್ಕನ ಕಿವಿಯಲ್ಲಿ "ಎದೆಯ ಹತ್ತಿರ ಏನೋ ನವೆ" ಎಂದಳು. ಅಕ್ಕ ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ, ಧ್ವನಿಯನ್ನೂ ತಗ್ಗಿಸಲಿಲ್ಲ. "ಎದೆ ಅಂದ್ರೆ ಎಲ್ಲಿ? ತೊಟ್ಟಲ್ಲಾ, ಸುತ್ತನಾ? ಒಂದು ಕಡೆಯಾ, ಎರಡೂ ಕಡೆಯಾ?" ಎಂದು ಕೇಳಿದಳು. ಬಡಿಸಲು ಬಂದಿದ್ದ ಹುಡುಗನೊಬ್ಬ ಬಾಗಿಲಿನಿಂದಲೇ ಹಿಂದಿರುಗಿದ. ಎರಡೂ ಕಡೆ ಎಂದು ಆಕೆ ಹೇಳಿದಳು. ಆದರೂ ಅಕ್ಕ ಬಿಡದೆ, ಮದುವೆ ಮುಗಿದ ಮರುದಿನವೇ ತಾನೇ ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿದಳು. ಹೊಸ ಸಾಬೂನಿನ ಅಲರ್ಜಿಯಾಗಿತ್ತು, ಹತ್ತು ದಿನಕ್ಕೆ ವಾಸಿಯಾಯಿತು.